ಸರಕಿನ ಹೆಸರೂ ಅದರ ಒಡೆತನವೂ

ಸರಗೂರಿನಲ್ಲಿ ನನಗೊಬ್ಬ ಹಳೆಯ ವಿದ್ಯಾರ್ಥಿಯಿದ್ದಾನೆ. ಕಾಲೇಜಿನ ಪಾಠಗಳಲ್ಲಿ ಅವನಿಗೆ ಅಷ್ಟೇನೂ ಆಸಕ್ತಿಯಿರಲಿಲ್ಲ, ಆದರೆ ಬಿ. ಎ. ಮುಗಿಸಿ ಊರಿಗೆ ಹಿಂದಿರುಗಿದವನು ತಂದೆಯ ಅಂಗಡಿಯನ್ನು ದಕ್ಷತೆಯಿಂದ ನಡೆಸಿಕೊಂಡು ಬಂದನು. ಸರಗೂರು ಕಪಿಲಾನದಿಯ ದಡದ ಊರು. ಮೊದಲು ಹೆಗ್ಗಡದೇವನಕೋಟೆಗೆ ಸೇರಿದ್ದುದು ಈಗ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿದೆ. ಆ ಸೀಮೆಯ ಕಾಡುಗಳಿಂದ ಜೇನುತುಪ್ಪ, ಸೀಗೆಕಾಯಿ, ಅಂಟುವಾಳಕಾಯಿ ಮುಂತಾದುವು ಊರಿನ ಅಂಗಡಿಗಳಿಗೆ ಬರುತ್ತವೆ. ನನ್ನ ವಿದ್ಯಾರ್ಥಿಯ ತಾಯಿ ಸೀಗೆಕಾಯಿಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮೆಂತ್ಯವನ್ನು ಸೇರಿಸಿ, ತಮಗೆ ತಿಳಿದ ಒಂದು ಹದದಲ್ಲಿ ಪುಡಿ ಮಾಡಿಸುತ್ತಿದ್ದರು. ತಂದೆಯು ಆ ಪುಡಿಯನ್ನು ಕಾಗದದ ಪೊಟ್ಟಣಗಳಲ್ಲಿ ತುಂಬಿ, ಮೇಲೆ ಹೆಂಡತಿಯ ಹೆಸರನ್ನೂ ಒಂದು ಬಾಚಣಿಗೆಯ ಚಿತ್ರವನ್ನೂ ಅಚ್ಚು ಹಾಕಿಸಿ, ಸುತ್ತಣ ಸಂತೆಗಳಲ್ಲಿ ಮಾರುತ್ತಿದ್ದರು. ಸಂತೆಗೆ ಬಂದ ಹೆಂಗಸರು ಸೀಗೆಪುಡಿಯೆಂದು ಕೇಳುತ್ತಿರಲಿಲ್ಲ. ಆ ತಾಯಿಯ ಹೆಸರನ್ನು ಹೇಳಿಯೇ ಕೇಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಈ ಹುಡುಗನು ಒಂದು ಲಕೋಟೆಯನ್ನು ಹಿಡಿದುಕೊಂಡು ಮೈಸೂರಿನ ನನ್ನ ಮನೆಗೆ ಬಂದನು. ಬಂದವನು ಕುಳಿತುಕೊಳ್ಳುವುದಕ್ಕೆ ಮೊದಲೇ, "ಮೇಷ್ಟ್ರೇ, ನಮ್ಮಮ್ಮನ ಹೆಸರು ನಮ್ಮದಲ್ಲವಂತೆ" ಎಂದನು. ಲಕೋಟೆಯಲ್ಲಿದ್ದುದು ಬೇರೊಂದು ಊರಿನ ವರ್ತಕರ ಪರವಾಗಿ ವಕೀಲರು ಕಳುಹಿಸಿದ್ದ ನೋಟೀಸು. ಅದೇ ಹೆಸರನ್ನು ತಮ್ಮ ಕಕ್ಷಿಗಾರರು ಸೀಗೆಪುಡಿಗೂ ತಲೆಗೆ ಹಚ್ಚುವ ಎಣ್ಣೆಗೂ ರಿಜಿಸ್ಟರ್ ಮಾಡಿಸಿಕೊಂಡಿರುವರೆಂದೂ, ಹದಿನೈದು ದಿನಗಳೊಳಗಾಗಿ ಆ ಹೆಸರಿನ ಪೊಟ್ಟಣಗಳನ್ನು ಮಾರುವುದನ್ನು ನಿಲ್ಲಿಸತಕ್ಕದ್ದೆಂದೂ, ಇಲ್ಲವಾದರೆ ನಷ್ಟಪರಿಹಾರಕ್ಕೆ ದಾವೆ ಹೂಡಲಾಗುವುದೆಂದೂ ಅದರಲ್ಲಿ ಬರೆದಿತ್ತು. ಆ ವರ್ತಕರು ಹೆಸರನ್ನು ಇವರಿಂದಲೇ ತೆಗೆದುಕೊಂಡರೋ ಅಥವಾ ಅವರ ಮನೆಯಲ್ಲಿಯೂ ಆ ಹೆಸರಿನ ತಾಯಿಯೊಬ್ಬರಿದ್ದರೋ ನಾನರಿಯೆ. ಹೆಣ್ಣುಮಕ್ಕಳ ಹೆಸರುಗಳು ನಮ್ಮಲ್ಲಿ ಅಷ್ಟೊಂದು ಅಪೂರ್ವವಲ್ಲ.

ಈ ಪ್ರಸಂಗದ ದೆಸೆಯಿಂದ ನಾನು ಟ್ರೇಡ್ ಮಾರ್ಕಿನ ಕಾಯಿದೆಯನ್ನು ಓದಬೇಕಾಗಿ ಬಂತು. ನಾನು ವಕೀಲನಲ್ಲ. ಆದರೆ ಓದುತ್ತ ಹೋದಂತೆ ಇದು ವಕೀಲರಿಗೇ ಬಿಟ್ಟುಬಿಡತಕ್ಕ ವಿಷಯವಲ್ಲವೆಂದು ನನಗೆ ತೋರಿತು. ವ್ಯಾಪಾರವನ್ನು ಆರಂಭಿಸುವ ದಿನ ಮಾಡಬೇಕಾದ ಕೆಲಸವನ್ನು ನಮ್ಮ ಜನ ನೋಟೀಸು ಬಂದ ದಿನ ಮಾಡಲು ಹೊರಡುತ್ತಾರೆ.

ಸರಕಿನ ಮೇಲೆ ಗುರುತು ಹಾಕುವ ಪದ್ಧತಿ ಬಹು ಹಳೆಯದು. ಕುಂಬಾರನೂ ಅಕ್ಕಸಾಲಿಗನೂ ಎಲ್ಲ ದೇಶಗಳಲ್ಲಿಯೂ ಹಾಕುತ್ತಿದ್ದರು. ಆ ಗುರುತನ್ನು ಸರ್ಕಾರದ ಪುಸ್ತಕದಲ್ಲಿ ಬರೆಯಿಸಿ ಸ್ವಂತ ಮಾಡಿಕೊಳ್ಳುವುದು ಮಾತ್ರ ಈಚಿನದು. ಇಂಗ್ಲೆಂಡಿನಲ್ಲಿ ೧೮೭೫ರ ಕಾಯಿದೆಯ ಮೇರೆಗೆ ಮಾರನೆಯ ವರ್ಷದ ಮೊದಲ ದಿನ ದಾಖಲಾದ ಮೊತ್ತಮೊದಲಿನ ಗುರುತು ಬಾಸ್ ಎಂಬ ಬೀರ್ ತಯಾರಕರ ಕೆಂಪು ತ್ರಿಕೋಣ. ಹಿಂದೂದೇಶದಲ್ಲಿ ಇಂಥ ದಾಖಲೆಗೆ ೧೯೪೦ರಲ್ಲಿ ಕಾಯಿದೆಯಾಯಿತು; ಅದರ ಸ್ಥಾನದಲ್ಲಿ ೧೯೫೮ರದು ಬಂತು; ಈಗ ನಡೆಯುತ್ತಿರುವುದು ೧೯೯೯ರಲ್ಲಿ ಅಂಗೀಕೃತವಾಗಿ ೨೦೦೩ನೆಯ ಸೆಪ್ಟೆಂಬರ್ ೧೫ರಂದು ಜಾರಿಗೆ ಬಂದ ಟ್ರೇಡ್ ಮಾರ್ಕ್ಸ್ ಕಾಯಿದೆ. ಒಬ್ಬನ ಸರಕನ್ನು ಇನ್ನೊಬ್ಬನ ಸರಕಿನಿಂದ ಬೇರ್ಪಡಿಸಿ ತೋರಿಸಬಲ್ಲ ಹೆಸರು, ಚಿತ್ರ, ಅಕ್ಷರ, ಅಂಕೆ, ಪೊಟ್ಟಣದ ಆಕಾರ, ಬಣ್ಣಗಳ ಜೋಡಣೆ, ಇವೆಲ್ಲವೂ ಈ ಕಾಯಿದೆಯ ದೃಷ್ಟಿಯಲ್ಲಿ ಗುರುತುಗಳೇ. ಸರಕಿಗೆ ಮಾತ್ರವಲ್ಲದೆ ಹೋಟೆಲು, ಸಾರಿಗೆ ಮುಂತಾದ ಸೇವೆಗಳಿಗೂ ಅವನ್ನು ಪಡೆಯಬಹುದು.

ಬರಿಯ ಒಂದು ಹೆಸರಿಗೆ ಇಷ್ಟೊಂದು ಸಂಭ್ರಮವೇಕೆಂದು ಕೇಳುವವರಿಗೆ ಮೈಸೂರಿನದೇ ಒಂದು ಉದಾಹರಣೆಯನ್ನು ಕೊಡುತ್ತೇನೆ. ಬೀಡಿಯಲ್ಲಿರುವುದೇನು? ಒಂದು ಎಲೆ, ಚಿಟಿಕೆ ಹೊಗೆಸೊಪ್ಪು, ಒಂದು ಎಳೆ ನೂಲು. ಮೈಸೂರಿನ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಎಂಬ ಪಾಲುದಾರಿಕೆಯು ೧೯೮೭ರಲ್ಲಿ ಮುರಿದುಬಿದ್ದು, ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಪಾಲುದಾರರೊಳಗೇ ಹರಾಜಾದಾಗ, ೧೯೯೪ರಲ್ಲಿ ಅದಕ್ಕೆ ಬಂದ ಬೆಲೆ ೯೨ ಕೋಟಿ ರೂಪಾಯಿ. ಎಲೆಗೂ ಸೊಪ್ಪಿಗೂ ಯಾರೂ ಅಷ್ಟು ಹಣವನ್ನು ತೆರುವುದಿಲ್ಲ. ಆ ಮೊತ್ತದಲ್ಲಿ ದೊಡ್ಡ ಭಾಗವು ಹೆಸರಿಗೂ ಚಿತ್ರಕ್ಕೂ ತತ್ಸಂಬಂಧವಾದ ಹಕ್ಕುಗಳಿಗೂ ಸಂದದ್ದು. ಈ ಹಕ್ಕುಗಳು ಕೂಡ ಯಂತ್ರ ಕಟ್ಟಡಗಳಂತೆ ವ್ಯಾಪಾರದ ಆಸ್ತಿಯೇ ಎಂಬ ಮಾತು, ಆದಾಯ ತೆರಿಗೆಯ ಒಂದು ವ್ಯಾಜ್ಯದ ಮೂಲಕ, ೨೦೧೫ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಇತ್ಯರ್ಥವಾಯಿತು. ಧೂಮಪಾನವನ್ನು ನಾನು ಹೊಗಳುತ್ತಿಲ್ಲ. ಹೆಸರಿನ ಬೆಲೆಯನ್ನು ಮಾತ್ರ ಹೇಳುತ್ತಿದ್ದೇನೆ.

ಇದಕ್ಕಿಂತ ಸುವಾಸನೆಯುಳ್ಳ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಕೊರಡುಗಳು ಇಲ್ಲಿಯೇ ನಿಂತುಹೋದುದರಿಂದ, ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಮೈಸೂರಿನಲ್ಲಿ ಗಂಧದ ಎಣ್ಣೆಯ ಕಾರ್ಖಾನೆ ಸ್ಥಾಪಿತವಾಯಿತು. ಅನಂತರ ಬೆಂಗಳೂರಿನಲ್ಲಿ ಸರ್ಕಾರದ ಸಾಬೂನಿನ ಕಾರ್ಖಾನೆ ಹುಟ್ಟಿತು. ಎಸ್. ಜಿ. ಶಾಸ್ತ್ರಿಯವರು ವಿಲಾಯಿತಿಗೆ ಹೋಗಿ ಸುಗಂಧದ ವಿದ್ಯೆಯನ್ನು ಕಲಿತು ಬಂದರು. ಸಾಬೂನಿಗೆ ಅಂಡಾಕಾರವನ್ನೂ, ಒಡವೆಯ ಪೆಟ್ಟಿಗೆಯನ್ನು ಹೋಲುವ ಹೊದಿಕೆಯನ್ನೂ, ಆನೆಯ ಮುಖ ಸಿಂಹದ ದೇಹವುಳ್ಳ ಶರಭದ ಚಿಹ್ನೆಯನ್ನೂ ಕೊಟ್ಟರು. ಕನ್ನಡವನ್ನು ಓದಲಾರದ ಪ್ರಾಂತದ ಗಿರಾಕಿಯೂ ಆ ಹೊದಿಕೆಯನ್ನು ದೂರದಿಂದಲೇ ಗುರುತಿಸುತ್ತಾನೆ. ಗುರುತು ಮಾಡಬೇಕಾದ ಕೆಲಸವೇ ಅದು: ಓದದವನಿಗೂ ಹೇಳಬೇಕು, ಅವಸರದಲ್ಲಿರುವವನಿಗೂ ಹೇಳಬೇಕು.

ಇನ್ನು ಹೆಸರನ್ನು ಆರಿಸುವ ವಿಷಯ. ನಮ್ಮ ವರ್ತಕರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಸರಗೂರಿನವನೊಬ್ಬನು ಜೇನುತುಪ್ಪವನ್ನು ಸೀಸೆಗಳಲ್ಲಿ ತುಂಬಿ 'ಸರಗೂರು ಜೇನು' ಎಂದು ಹೆಸರಿಟ್ಟನೆಂದು ಭಾವಿಸೋಣ. ಹೆಸರು ಸಹಜವಾಗಿದೆ, ಗಿರಾಕಿಗೆ ಅರ್ಥವಾಗುತ್ತದೆ. ಅದೇ ಅದರ ದೋಷ. ಸರಗೂರಿನಲ್ಲಿ ಜೇನು ಮಾರುವ ಪ್ರತಿಯೊಬ್ಬನಿಗೂ ಆ ಎರಡು ಮಾತುಗಳನ್ನು ಆಡುವ ಹಕ್ಕುಂಟು. ಅವನ್ನು ಒಬ್ಬನ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿಯಲು ಕಾಯಿದೆಯು ಸುಲಭವಾಗಿ ಒಪ್ಪುವುದಿಲ್ಲ. 'ಶುದ್ಧ', 'ಅಪ್ಪಟ', 'ಉತ್ತಮ' ಎಂಬ ಹೊಗಳಿಕೆಯ ಮಾತುಗಳಿಗೂ ಇದೇ ಗತಿ. ಬಹುಕಾಲದ ಬಳಕೆಯಿಂದ ಅಂಥ ಮಾತು ಒಬ್ಬನ ಸರಕನ್ನೇ ಸೂಚಿಸುವಂತಾಗಿದೆಯೆಂದು ಸಾಧಿಸಿದರೆ ವಿನಾಯಿತಿಯುಂಟು. ಆದರೆ ಆ ಸಾಧನೆಗೆ ವರ್ಷಗಳೂ ಹಣವೂ ಬೇಕು. ಜೇನಿಗೂ ತನಗೂ ಯಾವ ಸಂಬಂಧವೂ ಇಲ್ಲದ ಒಂದು ಮಾತು, ಅಥವಾ ಹೊಸದಾಗಿ ಕಟ್ಟಿದ ಒಂದು ಮಾತು, ಕೇಳುವಾಗ ವಿಚಿತ್ರವಾಗಿದ್ದರೂ, ಮೊದಲ ದಿನದಿಂದಲೇ ರಕ್ಷಣೆಗೆ ಯೋಗ್ಯವಾದದ್ದು. ಸರಕನ್ನು ಬಣ್ಣಿಸುವ ಹೆಸರಿನ ಮೇಲೆ ವರ್ತಕನಿಗೆ ಮೋಹ ಹೆಚ್ಚು. ಆ ಮೋಹವನ್ನು ಬಿಡಬೇಕು.

ದೇವರ ಹೆಸರನ್ನಿಟ್ಟರೆ ಒಳ್ಳೆಯದಾಗುವುದೆಂಬ ನಂಬಿಕೆಯೂ ನಮ್ಮಲ್ಲಿ ಬಲವಾಗಿದೆ. ಊದುಬತ್ತಿಗೆ 'ರಾಮಾಯಣ' ಎಂಬ ಹೆಸರನ್ನು ತಮಗೇ ಮೀಸಲಾಗಿ ಕೊಡಬೇಕೆಂದು ಕೇಳಿದವರ ಮೊಕದ್ದಮೆಯಲ್ಲಿ, ಒಂದು ಪವಿತ್ರಗ್ರಂಥದ ಹೆಸರು ಯಾರೊಬ್ಬರ ಸ್ವತ್ತೂ ಆಗಲಾರದೆಂದು ಸುಪ್ರೀಂ ಕೋರ್ಟು ೨೦೧೫ರಲ್ಲಿ ತೀರ್ಪಿತ್ತಿತು. ಊದುಬತ್ತಿಯ ಊರಾದ ಮೈಸೂರಿನವರು ಇದನ್ನು ಗಮನಿಸತಕ್ಕದ್ದು. ಹಾಗಾದರೆ ಗಣೇಶನ ಹೆಸರು ಬೀಡಿಗೆ ಹೇಗೆ ಒದಗಿತೆಂದು ತಾವು ಕೇಳಬಹುದು. ಬೀಡಿಯ ಕಟ್ಟಿನ ಮೇಲೆ ಬರಿಯ ದೇವರ ಹೆಸರೊಂದೇ ಇಲ್ಲ. ಚಿತ್ರವೂ, ೫೦೧ ಎಂಬ ಅಂಕೆಯೂ, ಅವುಗಳ ಒಂದು ಜೋಡಣೆಯೂ ಇವೆ. ದೇವರು ಎಲ್ಲರವನು, ಜೋಡಣೆಯು ಒಬ್ಬನದಾಗಬಹುದು.

ಊರಿನ ಹೆಸರೇ ಸರಕಿನ ಜೀವವಾಗಿರುವ ಕಡೆ ಏನು ಮಾಡುವುದು? ಅದಕ್ಕೆ ಬೇರೊಂದು ದಾರಿಯಿದೆ. ಭೌಗೋಳಿಕ ಸೂಚಕಗಳ ಕಾಯಿದೆಯೆಂಬುದು ೧೯೯೯ರಲ್ಲಿಯೇ ಆಗಿ ಟ್ರೇಡ್ ಮಾರ್ಕ್ಸ್ ಕಾಯಿದೆಯ ಜೊತೆಯಲ್ಲಿ ಜಾರಿಗೆ ಬಂತು. ೨೦೦೪ರಲ್ಲಿ ಡಾರ್ಜಿಲಿಂಗ್ ಚಹಾ ಇದರ ಪಟ್ಟಿಯಲ್ಲಿ ಮೊದಲನೆಯದಾಯಿತು. ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಇವೆಲ್ಲ ಆ ಪಟ್ಟಿಯಲ್ಲಿವೆ. ಮೈಸೂರು ಸ್ಯಾಂಡಲ್ ಸೋಪೂ ಇದೆ. ಇಲ್ಲಿ ಹೆಸರು ಒಬ್ಬ ವರ್ತಕನದಲ್ಲ. ಆ ಸೀಮೆಯಲ್ಲಿ ಅದನ್ನು ಬೆಳೆಯುವವರ ಅಥವಾ ತಯಾರಿಸುವವರ ಸಮುದಾಯದ್ದು. ಸಂಘವೊ ಸರ್ಕಾರದ ಸಂಸ್ಥೆಯೊ ಅರ್ಜಿ ಹಾಕಬೇಕು; ಬೆಳೆಗಾರನು ಅಧಿಕೃತ ಬಳಕೆದಾರನಾಗಿ ತನ್ನ ಹೆಸರನ್ನು ಬರೆಯಿಸಿಕೊಳ್ಳಬೇಕು. ಕಾಡಿನ ಜೇನನ್ನು ಕುರಿತು ಹೆಗ್ಗಡದೇವನಕೋಟೆ ಸರಗೂರುಗಳ ಜೇನುಕುರುಬರು ಒಂದು ದಿನ ಇಂಥ ಹಕ್ಕನ್ನು ಕೇಳಿದರೆ, ಅದು ಪೇಟೆಯ ಸೀಸೆಯ ವ್ಯಾಪಾರಿಯ ಬೇಡಿಕೆಗಿಂತ ನ್ಯಾಯವಾದದ್ದೆಂದು ನನ್ನ ಅಭಿಪ್ರಾಯ. ಆದರೆ ಅದು ಇಂದಿನ ಭಾಷಣದ ವಿಷಯವಲ್ಲ.

ಹೆಸರು ಗೊತ್ತಾದ ಮೇಲೆ, ಅದು ಇನ್ನೊಬ್ಬರ ಕೈಯಲ್ಲಿದೆಯೇ ಎಂದು ಮೊದಲು ಹುಡುಕಿ ನೋಡಬೇಕು. ಇಲಾಖೆಯ ಜಾಲತಾಣದಲ್ಲಿ ಯಾವ ಖರ್ಚೂ ಇಲ್ಲದೆ ಇದನ್ನು ಮಾಡಬಹುದು. ಬರಹದಲ್ಲಿ ಬೇರೆಯಾಗಿದ್ದು ಕಿವಿಗೆ ಒಂದೇ ಆಗಿ ಕೇಳುವ ಹೆಸರುಗಳನ್ನೂ ನೋಡತಕ್ಕದ್ದು, ಏಕೆಂದರೆ ನಮ್ಮ ಗಿರಾಕಿಗಳು ಬಹುಮಟ್ಟಿಗೆ ಬಾಯಿಂದಲೇ ಕೇಳುವವರು. ಅನಂತರ ಅರ್ಜಿ. ಸರಕು ಸೇವೆಗಳನ್ನೆಲ್ಲ ಅಂತರರಾಷ್ಟ್ರೀಯ ಒಪ್ಪಂದದಂತೆ ೪೫ ವರ್ಗಗಳಾಗಿ ವಿಂಗಡಿಸಿದ್ದಾರೆ. ೩೪ ಸರಕಿಗೆ, ೧೧ ಸೇವೆಗೆ. ಸಾಬೂನು, ಸೀಗೆಪುಡಿ, ಊದುಬತ್ತಿ ಇವು ೩ನೆಯ ವರ್ಗ, ಹಾಲು ೨೯, ಕಾಫಿ, ಅಕ್ಕಿ, ಜೇನು, ಸಂಬಾರ ಪದಾರ್ಥಗಳು ೩೦, ಬೀಡಿ ೩೪, ಹೋಟೆಲು ೪೩. ಕರ್ಣಾಟಕದವರ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಮನೆಯಿಂದಲೇ ವಿದ್ಯುನ್ಮಾನದ ಮೂಲಕ ಸಲ್ಲಿಸಬಹುದು. ೨೦೧೭ರ ನಿಯಮಗಳಂತೆ, ಹಾಗೆ ಸಲ್ಲಿಸಿದರೆ ಒಂದು ವರ್ಗಕ್ಕೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ೪,೫೦೦ ರೂಪಾಯಿ, ದೊಡ್ಡ ಕಂಪೆನಿಗೆ ೯,೦೦೦ ರೂಪಾಯಿ ಶುಲ್ಕ. ಹೆಸರನ್ನು ಈಗಾಗಲೇ ಬಳಸುತ್ತಿದ್ದರೆ ಯಾವಾಗಿನಿಂದ ಎಂಬುದನ್ನು ಪ್ರಮಾಣಪತ್ರದಲ್ಲಿ ಹೇಳಿ, ಅದಕ್ಕೆ ಆಧಾರವಾದ ಬಿಲ್ಲು ಜಾಹಿರಾತುಗಳನ್ನು ಜೊತೆಗಿಡಬೇಕು. ಇನ್ನೂ ಬಳಸದಿದ್ದರೂ, ಮುಂದೆ ಬಳಸುವ ಉದ್ದೇಶದಿಂದ ಅರ್ಜಿ ಹಾಕಬಹುದು. ಇದು ಬಹುಮಂದಿಗೆ ತಿಳಿಯದು.

ಅಧಿಕಾರಿಯು ಅರ್ಜಿಯನ್ನು ಪರಿಶೀಲಿಸಿ ಆಕ್ಷೇಪಣೆಗಳಿದ್ದರೆ ವರದಿಯನ್ನು ಕಳುಹಿಸುತ್ತಾನೆ. ಅದಕ್ಕೆ ೩೦ ದಿನಗಳೊಳಗೆ ಉತ್ತರ ಕೊಡಬೇಕು. ಒಪ್ಪಿಗೆಯಾದ ಗುರುತು ಇಲಾಖೆಯ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ಪ್ರಕಟವಾದ ಮೇಲೆ ನಾಲ್ಕು ತಿಂಗಳವರೆಗೆ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ತಕರಾರಿನ ಪ್ರತಿ ಕೈಸೇರಿದ ಎರಡು ತಿಂಗಳೊಳಗೆ ಅರ್ಜಿದಾರನು ಪ್ರತ್ಯುತ್ತರವನ್ನು ಸಲ್ಲಿಸದಿದ್ದರೆ ಅರ್ಜಿಯನ್ನು ಅವನೇ ಬಿಟ್ಟುಬಿಟ್ಟನೆಂದು ಎಣಿಸುತ್ತಾರೆ. ಒಳ್ಳೆಯ ಹೆಸರುಗಳು ಎಷ್ಟೋ ಸಲ ನ್ಯಾಯದಿಂದಲ್ಲ, ಈ ಎರಡು ತಿಂಗಳ ಆಲಸ್ಯದಿಂದಲೇ ಸತ್ತುಹೋಗುತ್ತವೆ. ತಕರಾರಿಲ್ಲದಿದ್ದರೆ ಗುರುತು ರಿಜಿಸ್ಟರಾಗಿ, ಅರ್ಜಿ ಸಲ್ಲಿಸಿದ ದಿನದಿಂದಲೇ ಎಣಿಸಿ ಹತ್ತು ವರ್ಷ ಊರ್ಜಿತದಲ್ಲಿರುತ್ತದೆ. ಹತ್ತು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸುತ್ತ ಹೋದರೆ ಅದಕ್ಕೆ ಕೊನೆಯೆಂಬುದಿಲ್ಲ. ಪುಸ್ತಕ ಬರೆದವನ ಹಕ್ಕಿಗೂ ಯಂತ್ರವನ್ನು ಕಂಡುಹಿಡಿದವನ ಹಕ್ಕಿಗೂ ಆಯುಸ್ಸಿನ ಮಿತಿಯುಂಟು. ಅಂಗಡಿಯವನ ಹೆಸರಿಗೆ ಇಲ್ಲ. ಬೋಧಕವೃತ್ತಿಯ ನನಗೆ ಇದು ಸ್ವಲ್ಪ ವಿಚಿತ್ರವಾಗಿ ಕಂಡಿತು. ರಿಜಿಸ್ಟರಾಗುವುದಕ್ಕೆ ಮುಂಚೆ, ವರ್ತುಲದೊಳಗೆ 'ಆರ್' ಎಂಬ ಇಂಗ್ಲಿಷ್ ಅಕ್ಷರವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸುವುದು ಮಾತ್ರ ದಂಡಕ್ಕೆ ಗುರಿಯಾಗತಕ್ಕ ತಪ್ಪು. 'ಟಿಎಂ' ಎಂಬ ಎರಡಕ್ಷರಗಳನ್ನು ಬಳಸಲು ಅಡ್ಡಿಯಿಲ್ಲ.

ಇಷ್ಟಾದ ಮೇಲೆ ಆ ಹೆಸರು ಸರ್ವಸ್ವತಂತ್ರವಾಗಿ ತನ್ನದಾಯಿತೆಂದು ತಿಳಿಯಬಾರದು. ಹಕ್ಕು ಎಲ್ಲಿಯವರೆಗೆ ಚಾಚುತ್ತದೆಂಬುದನ್ನು 'ನಂದಿನಿ'ಯ ಮೊಕದ್ದಮೆ ಚೆನ್ನಾಗಿ ತೋರಿಸಿಕೊಡುತ್ತದೆ. ಕರ್ನಾಟಕ ಹಾಲು ಮಹಾಮಂಡಲದವರು ೧೯೮೫ರಿಂದ ಹಾಲಿಗೂ ಹಾಲಿನ ಪದಾರ್ಥಗಳಿಗೂ ಈ ಹೆಸರನ್ನು ಬಳಸುತ್ತಿದ್ದಾರೆ. ನಂದಿನಿ ಡೀಲಕ್ಸ್ ಎಂಬ ಬೆಂಗಳೂರಿನ ಹೋಟೆಲಿನವರು ೧೯೮೯ರಿಂದ ತಮ್ಮ ಭೋಜನಶಾಲೆಗಳಿಗೆ ಅದೇ ಹೆಸರನ್ನು, ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚಾಗಿ ಬರೆದು, ಬಳಸಿದರು. ಮಾಂಸ, ಮೀನು, ಅಡಿಗೆಯ ಎಣ್ಣೆ ಮೊದಲಾದ ಆಹಾರಪದಾರ್ಥಗಳಿಗೆ ಅದನ್ನು ರಿಜಿಸ್ಟರ್ ಮಾಡಿಕೊಡಬೇಕೆಂದು ಕೇಳಿದರು. ಮಹಾಮಂಡಲದವರು ವಿರೋಧಿಸಿದರು. ಇಲಾಖೆಯಲ್ಲಿ ಹೋಟೆಲಿನವರೂ, ಮೇಲ್ಮನವಿಯ ಮಂಡಲಿಯಲ್ಲಿಯೂ ಹೈಕೋರ್ಟಿನಲ್ಲಿಯೂ ಮಹಾಮಂಡಲದವರೂ ಗೆದ್ದರು. ಕಡೆಗೆ ೨೦೧೮ನೆಯ ಜುಲೈ ೨೬ರಂದು ಸುಪ್ರೀಂ ಕೋರ್ಟು ಹೋಟೆಲಿನವರ ಪಕ್ಷವಾಗಿ ತೀರ್ಪಿತ್ತಿತು. ನಂದಿನಿಯೆಂಬುದು ಪುರಾಣದ ಹಸುವೊಂದರ ಹೆಸರು, ಯಾರೂ ಹೊಸದಾಗಿ ಕಟ್ಟಿದ ಮಾತಲ್ಲ; ಒಬ್ಬರ ಚಿತ್ರದಲ್ಲಿ ಹಸುವಿದೆ, ಇನ್ನೊಬ್ಬರದರಲ್ಲಿ ದೀಪವಿದೆ; ಒಂದು ವರ್ಗದಲ್ಲಿ ಒಂದು ಸರಕಿಗೆ ಹೆಸರನ್ನು ಪಡೆದವನು ಆ ವರ್ಗದ ಎಲ್ಲ ಸರಕುಗಳಿಗೂ ಏಕಸ್ವಾಮಿಯಾಗಲಾರನು, ಎಂಬುದು ತೀರ್ಪಿನ ಸಾರ. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಹೋಟೆಲಿನವರ ಪಟ್ಟಿಯಿಂದ ತೆಗೆಯಿಸಿದರು. ಈ ತೀರ್ಪಿನಿಂದ ನಾನು ಕಲಿತ ಪಾಠ ಬಹಳ ವ್ಯಾವಹಾರಿಕವಾದದ್ದು. ಇಂದು ಹಾಲನ್ನು ಮಾರುತ್ತಿದ್ದು ನಾಳೆ ಬಿಸ್ಕತ್ತನ್ನು ಮಾರುವ ಉದ್ದೇಶವಿದ್ದರೆ ಅರ್ಜಿಯಲ್ಲಿ ಇಂದೇ ಅದನ್ನು ಬರೆಯಬೇಕು. ಬರೆದ ಮೇಲೆ ಅದನ್ನು ನಿಜವಾಗಿಯೂ ಮಾರಬೇಕು. ರಿಜಿಸ್ಟರಾದಂದಿನಿಂದ ಐದು ವರ್ಷಕ್ಕೂ ಮೀರಿ ಬಳಸದೆ ಬಿಟ್ಟ ಹೆಸರನ್ನು ಪಟ್ಟಿಯಿಂದ ತೆಗೆಯಿಸಲು ಬೇರೆಯವರು ಅರ್ಜಿ ಹಾಕಬಹುದು.

ಕಾಯುವ ಕೆಲಸದಲ್ಲಿ ಮುಖ್ಯವಾದದ್ದು ಎಚ್ಚರ. ಇಲಾಖೆಯು ನಮ್ಮ ಪರವಾಗಿ ಊರೂರು ತಿರುಗಿ ನೋಡುವುದಿಲ್ಲ. ಜರ್ನಲ್ಲನ್ನು ನೋಡುತ್ತಿರಬೇಕು, ಪೇಟೆಯನ್ನೂ ನೋಡುತ್ತಿರಬೇಕು, ಕಂಡಮೇಲೆ ಸುಮ್ಮನಿರಬಾರದು. ಬೆಂಗಳೂರಿನ ಖೋಡೆ ಕಂಪೆನಿಯವರು ೧೯೬೮ರಲ್ಲಿ 'ಪೀಟರ್ ಸ್ಕಾಟ್' ಎಂಬ ಹೆಸರಿನಲ್ಲಿ ವಿಸ್ಕಿಯನ್ನು ತಯಾರಿಸತೊಡಗಿದರು. ಹೆಸರು ೧೯೭೪ರಲ್ಲಿ ರಿಜಿಸ್ಟರಾಯಿತು. ಸ್ಕಾಟ್ಲೆಂಡಿನ ವಿಸ್ಕಿ ತಯಾರಕರ ಸಂಘಕ್ಕೆ ಅದೇ ವರ್ಷ ಸಂಗತಿ ತಿಳಿಯಿತು. ಅವರು ಹೆಸರನ್ನು ತೆಗೆಯಿಸಬೇಕೆಂದು ಅರ್ಜಿ ಹಾಕಿದ್ದು ೧೯೮೬ರಲ್ಲಿ. ಕೆಳಗಿನ ಹಂತಗಳಲ್ಲಿ ಅವರಿಗೆ ಜಯವಾದರೂ, ೨೦೦೮ರಲ್ಲಿ ಸುಪ್ರೀಂ ಕೋರ್ಟು ಅವರ ದೀರ್ಘ ಮೌನವನ್ನು ಎಣಿಕೆಗೆ ತೆಗೆದುಕೊಂಡು ಬೆಂಗಳೂರಿನವರ ಪಕ್ಷವನ್ನು ಎತ್ತಿಹಿಡಿಯಿತು. ಅಷ್ಟು ಸಿರಿವಂತರಾದ, ಅಷ್ಟು ವಕೀಲರುಳ್ಳ ಸಂಘಕ್ಕೆ ಹೀಗಾದ ಮೇಲೆ ಸಂತೆಯ ವರ್ತಕನ ಮಾತೇನು? ಈಗಿನ ಕಾಯಿದೆಯಂತೂ, ಇನ್ನೊಬ್ಬನ ರಿಜಿಸ್ಟರಾದ ಗುರುತಿನ ಬಳಕೆಯನ್ನು ತಿಳಿದೂ ಐದು ವರ್ಷ ಎಡೆಬಿಡದೆ ಸಹಿಸಿಕೊಂಡವನು, ಆ ಇನ್ನೊಬ್ಬನು ದುರುದ್ದೇಶದಿಂದ ಅರ್ಜಿ ಹಾಕಿದ್ದ ಹೊರತು, ಅದನ್ನು ಪ್ರಶ್ನಿಸಲಾರನೆಂದು ಸ್ಪಷ್ಟವಾಗಿ ಹೇಳುತ್ತದೆ.

ಹೆಸರು ರಿಜಿಸ್ಟರಾಗಿದ್ದರೆ ಹೋರಾಟವು ಹಗುರವಾಗುತ್ತದೆ. ನಕಲು ಮಾಡಿದವನು ದೆಹಲಿಯಲ್ಲಿದ್ದರೂ ಸರಗೂರಿನವನು ತಾನು ವಾಸಿಸುವ ಅಥವಾ ವ್ಯಾಪಾರ ಮಾಡುವ ಸ್ಥಳಕ್ಕೆ ಅಧಿಕಾರವುಳ್ಳ ಜಿಲ್ಲಾ ನ್ಯಾಯಾಲಯದಲ್ಲಿಯೇ, ಎಂದರೆ ಮೈಸೂರಿನಲ್ಲಿಯೇ, ದಾವೆ ಹೂಡಬಹುದು. ರಿಜಿಸ್ಟರಾಗದ ಹೆಸರಿನವನಿಗೆ ಈ ಸೌಕರ್ಯವಿಲ್ಲ. ಅವನು ತನ್ನ ಸರಕಿಗೆ ಕೀರ್ತಿಯುಂಟೆಂದೂ, ಎದುರಾಳಿಯು ಜನರನ್ನು ಮೋಸಗೊಳಿಸುತ್ತಿರುವನೆಂದೂ, ತನಗೆ ನಷ್ಟವಾಗುವುದೆಂದೂ ಮೊದಲಿನಿಂದ ಸಾಧಿಸಬೇಕು. ಖೋಟಾ ಗುರುತು ಹಾಕುವುದು ಕ್ರಿಮಿನಲ್ ಅಪರಾಧವೂ ಹೌದು. ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆಮನೆ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ಜುಲ್ಮಾನೆ. ೨೦೨೪ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿನ ನಕಲಿ ತಯಾರಿಕೆಯೊಂದು ಪತ್ತೆಯಾಗಿ, ಸುಮಾರು ಎರಡು ಕೋಟಿ ರೂಪಾಯಿ ಬೆಲೆಯ ಮಾಲು ಸಿಕ್ಕಿತೆಂದು ಪತ್ರಿಕೆಗಳಲ್ಲಿ ಓದಿದೆವು. ಆ ಹೊದಿಕೆಯ ಮೇಲಿನ ನಂಬಿಕೆಗೆ ನೂರು ವರ್ಷದ ಮೇಲೂ ಕಳ್ಳರು ಕೊಟ್ಟ ಮರ್ಯಾದೆಯಿದು.

ಈಗ ನನ್ನ ವಿದ್ಯಾರ್ಥಿಯ ಲಕೋಟೆಗೆ ಬರೋಣ. ಅವನ ತಂದೆ ಹೆಸರನ್ನು ರಿಜಿಸ್ಟರ್ ಮಾಡಿಸಿರಲಿಲ್ಲ. ಆದರೂ ಎಲ್ಲವೂ ಮುಳುಗಿರಲಿಲ್ಲ. ರಿಜಿಸ್ಟರಾದವನು ಹೆಸರನ್ನು ಬಳಸತೊಡಗಿದ ದಿನ ಮತ್ತು ಅದು ಅವನಿಗೆ ರಿಜಿಸ್ಟರಾದ ದಿನ, ಈ ಎರಡರಲ್ಲಿ ಯಾವುದು ಮೊದಲೋ ಅದಕ್ಕೂ ಹಿಂದಿನಿಂದ ಇನ್ನೊಬ್ಬನು ಅದೇ ಹೆಸರನ್ನು ಅದೇ ಸರಕಿಗೆ ಎಡೆಬಿಡದೆ ಬಳಸುತ್ತಿದ್ದರೆ, ಅವನನ್ನು ತಡೆಯುವ ಹಕ್ಕಿಲ್ಲವೆಂದು ಕಾಯಿದೆಯ ೩೪ನೆಯ ಪ್ರಕರಣ ಹೇಳುತ್ತದೆ. ತಿರುನೆಲ್ವೇಲಿಯಲ್ಲಿ ಒಂದು ಹಲ್ವದ ಅಂಗಡಿಯಿದೆ. ಮಂದವಾದ ಒಂದೇ ದೀಪದಲ್ಲಿ ವ್ಯಾಪಾರ ನಡೆಯುತ್ತಿದ್ದುದರಿಂದ ಜನರು ಅದನ್ನು 'ಇರುಟ್ಟುಕಡೈ', ಎಂದರೆ ಕತ್ತಲೆಯ ಅಂಗಡಿ, ಎಂದು ಕರೆದರು. ಈಚೆಗೆ ಬಂದ ಇನ್ನೊಬ್ಬರೂ ಅದನ್ನೇ ಒಳಗೊಂಡ ಹೆಸರನ್ನು ರಿಜಿಸ್ಟರ್ ಮಾಡಿಸಿಕೊಂಡಾಗ, ಮೊದಲಿನಿಂದ ಬಳಸುತ್ತ ಬಂದವರ ಹಕ್ಕು ರಿಜಿಸ್ಟರಿನ ಹಕ್ಕಿಗಿಂತ ಮೇಲೆಂದು ೨೦೧೫ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದನ್ನು ಕೇಳಿ ಹುಡುಗನ ಮುಖ ಅರಳಿತು. "ಹಾಗಾದರೆ ನಾವೇ ಮೊದಲು, ಮೇಷ್ಟ್ರೇ. ಊರೆಲ್ಲ ಸಾಕ್ಷಿ ಹೇಳುತ್ತದೆ" ಎಂದನು.

"ಊರಿನ ಮಾತಿನ ಜೊತೆಗೆ ಕಾಗದವೂ ಬೇಕಪ್ಪಾ, ಏನಿದೆ?" ಎಂದೆ. ಅವನು ಸುಮ್ಮನಾದನು. ಸಂತೆಯ ವ್ಯಾಪಾರಕ್ಕೆ ಬಿಲ್ಲು ಬರೆಯುವ ರೂಢಿಯಿರಲಿಲ್ಲ. ಲೆಕ್ಕದ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಎರಡು ವಾರ ಮನೆಯನ್ನೆಲ್ಲ ಹುಡುಕಿದ ಮೇಲೆ, ತಂದೆಯ ಹಳೆಯ ಪೆಟ್ಟಿಗೆಯ ತಳದಲ್ಲಿ ಹಾಸಿದ್ದ ಕಾಗದಗಳ ನಡುವೆ, ಮೈಸೂರಿನ ಒಂದು ಅಚ್ಚುಕೂಟದವರು ೧೯೯೪ರಲ್ಲಿ ಬರೆದುಕೊಟ್ಟ ಬಿಲ್ಲು ಸಿಕ್ಕಿತು: ಐದು ಸಾವಿರ ಚೀಟಿಗಳು, ಎರಡು ಬಣ್ಣ, ಬಾಚಣಿಗೆಯ ಚಿತ್ರ ಸಹಿತ, ಎಂದು ತಾಯಿಯ ಹೆಸರಿನೊಡನೆ ಬರೆದಿತ್ತು. ಒಂದು ಚೀಟಿಯನ್ನು ಮಾದರಿಗಾಗಿ ಅದಕ್ಕೆ ಅಂಟಿಸಿದ್ದರು. ಆ ಅಚ್ಚುಕೂಟದ ಗುಮಾಸ್ತನಾರೋ, ಅವನಿಗೆ ನಾನು ಮನಸ್ಸಿನಲ್ಲಿಯೇ ನಮಸ್ಕರಿಸಿದೆ. ಅನಂತರದ ವರ್ಷಗಳಿಗೆ ಮೈಸೂರಿನ ಒಬ್ಬ ಸಗಟು ವ್ಯಾಪಾರಿಯ ಲೆಕ್ಕಗಳು ಒದಗಿದವು. ಎದುರು ಪಕ್ಷದವರು ತಮ್ಮ ಅರ್ಜಿಯಲ್ಲಿ ತಾವೇ ತಿಳಿಸಿದ್ದ ಬಳಕೆಯ ವರ್ಷ ಇದಕ್ಕಿಂತ ಬಹಳ ಈಚಿನದು. ಒಬ್ಬ ವಕೀಲರು ಇವೆಲ್ಲವನ್ನೂ ಸೇರಿಸಿ ಉತ್ತರ ಬರೆದರು. ಹದಿನೈದು ದಿನಗಳು ಕಳೆದು ಹದಿನೈದು ತಿಂಗಳಾದರೂ ದಾವೆ ಬರಲಿಲ್ಲ.

ಹಾಗೆಂದು ಅವನು ಗೆದ್ದನೆಂದು ನಾನು ಹೇಳಲಾರೆ. ಸೀಗೆಪುಡಿಯನ್ನು ಅವನು ಮಾರುತ್ತಿದ್ದಾನೆ. ಪಟ್ಟಣಗಳ ದೊಡ್ಡ ಅಂಗಡಿಗಳಲ್ಲಿ ಅದೇ ಹೆಸರಿನ ಬೇರೆ ಪೊಟ್ಟಣವೂ ಇದೆ. ಅವನ ಬಂಧುಗಳೇ ಮೈಸೂರಿನಲ್ಲಿ ಒಂದೆರಡು ಸಲ ಅದನ್ನು ಇವನದೆಂದು ತಿಳಿದು ಕೊಂಡು, ಈಚೆಗೆ ಪುಡಿ ಮೊದಲಿನಂತಿಲ್ಲವೆಂದು ದೂರಿದ್ದುಂಟು. ಸೀಗೆಪುಡಿಗೆ ೧೯೯೪ರಿಂದ ಬಳಕೆಯೆಂದು ತೋರಿಸಿ ಅವನು ಈಗ ತಾನೂ ಅರ್ಜಿ ಹಾಕಿದ್ದಾನೆ. ಪರಿಶೀಲನೆಯ ವರದಿಯಲ್ಲಿ ಎದುರು ಪಕ್ಷದವರ ಗುರುತನ್ನೇ ಅಡ್ಡಿಯಾಗಿ ತೋರಿಸಿದ್ದಾರೆ. ಅದಕ್ಕೆ ಉತ್ತರವನ್ನು ಸಲ್ಲಿಸಿ ವಿಚಾರಣೆಗೆ ಕಾಯುತ್ತಿದ್ದಾನೆ. ಅವರ ಗುರುತನ್ನು ಪಟ್ಟಿಯಿಂದ ತೆಗೆಯಿಸುವ ಅರ್ಜಿಯ ವಿಷಯವಾಗಿ ವಕೀಲರೊಡನೆ ಮಾತು ನಡೆದಿದೆ. ತಂದೆಯ ಕಾಲದಲ್ಲಿ ಅಲ್ಪಸ್ವಲ್ಪದಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಈಗ ಎಷ್ಟಾಗುವುದೆಂಬುದನ್ನು ಅವನು ತಾಯಿಗೆ ಹೇಳಿಲ್ಲ. ಅರ್ಜಿಯ ಶುಲ್ಕವನ್ನು ಮಾತ್ರ ಹೇಳಿದ್ದನು. "ನನ್ನ ಹೆಸರನ್ನು ನನ್ನ ತಾತ ಇಟ್ಟದ್ದು. ಅದಕ್ಕೆ ಈಗ ನಾಲ್ಕೂವರೆ ಸಾವಿರ ಯಾರಿಗೆ ಕೊಡಬೇಕು?" ಎಂದು ಆಕೆ ಕೇಳಿದರಂತೆ.

ಈ ವರ್ಷ ಅವನು ತಲೆಗೆ ಹಚ್ಚುವ ಎಣ್ಣೆಯೊಂದನ್ನು ಆರಂಭಿಸುತ್ತಿದ್ದಾನೆ. ಅದಕ್ಕೆ ಯಾವ ಊರಿನ, ಯ���ವ ದೇವರ, ಯಾವ ಬಂಧುವಿನ ಹೆಸರನ್ನೂ ಇಡದೆ ಮೂರಕ್ಷರದ ಹೊಸ ಮಾತೊಂದನ್ನು ಕಟ್ಟಿ, ಹುಡುಕಿ ನೋಡಿ, ಸೀಸೆ ಬರುವುದಕ್ಕೆ ಮೊದಲೇ ೩ನೆಯ ವರ್ಗದಲ್ಲಿ ಅರ್ಜಿ ಹಾಕಿದ್ದಾನೆ. ಚೀಟಿಗಳನ್ನು ಅಚ್ಚು ಹಾಕಿಸಿದ ಬಿಲ್ಲಿಗೆ ಒಂದು ಮಾದರಿಯನ್ನು ಅಂಟಿಸಿಕೊಡಬೇಕೆಂದು ಅಚ್ಚುಕೂಟದವರನ್ನು ತಾನೇ ಕೇಳಿ ಪಡೆದುಕೊಂಡನಂತೆ.